ಟೇಪಿನೊಳಗಿನ ಅರ್ಧ ಇಸ್ತ್ರಿ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಸಾನಪಾಡಾದ ನಮ್ಮ ನಾಲ್ಕು ಮಾಳಿಗೆಯ ಹೌಸಿಂಗ್ ಸೊಸೈಟಿಗೆ ಜಯಲತಾ ಎಂಬ ನಾನು ಆರು ವರ್ಷದಿಂದ ಸೆಕ್ರೆಟರಿ. ನನ್ನ ಕೈಲಿ ಬೈಸಿಕೊಳ್ಳದವರು ಇಲ್ಲಿ ಯಾರೂ ಇಲ್ಲ. ತಪ್ಪಿಲ್ಲದೆ ಬೈಸಿಕೊಂಡವಳು ಮಾತ್ರ ಒಬ್ಬಳೇ: ಮೆಟ್ಟಿಲ ಕೆಳಗೆ ಬಟ್ಟೆಗೆ ಇಸ್ತ್ರಿ ಹಾಕುವ ಮರಗಮ್ಮ. ಅವಳ ಕತೆಯನ್ನು ನಾನೇ ಬರೆಯಬೇಕು. ಬೇರೆಯವರು ಬರೆದರೆ ಮುಲಾಜಿಗೆ ನನ್ನ ಪಾಲನ್ನು ಮುಚ್ಚಿಬಿಟ್ಟಾರು.

ಮರಗಮ್ಮ ರಾಯಚೂರಿನ ಕಡೆಯವಳು. ಮುಂಬ್ರಾದಲ್ಲಿ ಲೋಕಲ್ ರೈಲು ಹಿಡಿದು, ಠಾಣೆಯಲ್ಲಿ ಗಾಡಿ ಬದಲಿಸಿ, ಎಂಟೂವರೆಗೆಲ್ಲ ಇಲ್ಲಿ ಮೇಜು ಒರೆಸುತ್ತಿರುತ್ತಾಳೆ. ಮೊದಲು ಒಂಬತ್ತು ವರ್ಷ ಮಹಾಪೆಯ ಒಂದು ಹೀಟರ್ ಕಾರ್ಖಾನೆಯಲ್ಲಿ ಕಾಯಿಲ್ ಪರೀಕ್ಷೆ ಮಾಡುತ್ತಿದ್ದಳು. ಒಂದೊಂದಕ್ಕೂ ಕರೆಂಟ್ ಕೊಟ್ಟು, ವೋಲ್ಟ್ ಎಷ್ಟು, ಆಂಪ್ ಎಷ್ಟು ಎಂದು ಮೀಟರಿನಲ್ಲಿ ನೋಡಬೇಕು. ವೋಲ್ಟನ್ನು ಆಂಪಿನಿಂದ ಭಾಗಿಸಿದರೆ ಓಮ್, ತಂತಿ ಕರೆಂಟನ್ನು ಎಷ್ಟು ತಡೆಯುತ್ತದೆ ಎಂಬ ಲೆಕ್ಕ. ಎರಡನ್ನೂ ಗುಣಿಸಿದರೆ ವ್ಯಾಟ್, ಅದು ಎಷ್ಟು ಕಾಯುತ್ತದೆ ಎಂಬ ಲೆಕ್ಕ. ದಿನಕ್ಕೆ ನಾನೂರು ಕಾಯಿಲ್. ಅವಳು ಓದಿದ್ದು ನಾಲ್ಕನೇ ಕ್ಲಾಸು, ಭಾಗಾಕಾರ ಗುಣಾಕಾರ ಎಲ್ಲ ಬಾಯಲ್ಲೇ. ಕಾರ್ಖಾನೆ ಮುಚ್ಚಿದ ಮೇಲೆ ಈ ಮೆಟ್ಟಿಲ ಕೆಳಗಿನ ಜಾಗವೇ ಅವಳ ಅನ್ನ.

ಆ ಅನ್ನಕ್ಕೆ ನಾನು ಕಲ್ಲು ಹಾಕಲು ಹೊರಟೆ. ಒಂದೇ ತಿಂಗಳಲ್ಲಿ ಎರಡು ಸಲ ಮೀಟರ್ ರೂಮಿನಲ್ಲಿ ಸುಟ್ಟ ವಾಸನೆ ಬಂತು, ಮೂರನೇ ಸಲ ಹೊಗೆಯೇ ಎದ್ದಿತು. ದಿನವಿಡೀ ಇಸ್ತ್ರಿ ಉರಿಸಿದರೆ ಇನ್ನೇನಾಗುತ್ತದೆ ಎಂದರು ಕಮಿಟಿಯವರು. ನಾನೂ ಹೌದೆಂದೆ. ಸಂಜೆಯ ಮೀಟಿಂಗಿನಲ್ಲಿ ಒಪ್ಪಿಗೆ ಪಡೆದು ಅವಳನ್ನು ಎಬ್ಬಿಸುವುದೆಂದು ತೀರ್ಮಾನವಾಯಿತು. ಮಧ್ಯಾಹ್ನ ನಾನೇ ಹೋಗಿ ಹೇಳಿದೆ.

"ಮೂರು ಸಲ ನಿಮಗ ಹೇಳೀನಲ್ರಿ ಅಕ್ಕಾರ, ಲೈನ್ ಸೋತದ, ಇಸ್ತ್ರಿ ಕಾಯವಲ್ದು ಅಂತ" ಎಂದಳು.

ಹೇಳಿದ್ದು ನಿಜ. "ಹೊಸ ಇಸ್ತ್ರಿ ತಗೋ ಮಾರಾಯ್ತಿ, ನನ್ನ ತಲೆ ತಿನ್ನಬೇಡ" ಎಂದು ಮೂರು ಸಲವೂ ಅಟ್ಟಿದ್ದೆ.

"ಹೋಗಂದ್ರ ಹೋಗ್ತೀನ್ರಿ. ಹತ್ತು ನಿಮಿಷ ರಿತೇಶನ ಕಡೆಯಿಂದ ಅಳತಿ ಮಾಡಸ್ರಿ."

ರಿತೇಶ್ ನಮ್ಮ ಸೊಸೈಟಿಯ ಇಲೆಕ್ಟ್ರಿಷಿಯನ್. ಅವನು ಮೀಟರ್ ತಂದ. ಮರಗಮ್ಮ ಯಾವುದಕ್ಕೂ ಕೈ ಹಚ್ಚಲಿಲ್ಲ, ಎಲ್ಲಿ ಅಳೆಯಬೇಕೆಂದು ಮಾತ್ರ ಹೇಳಿದಳು. ಮೊದಲು ಇಸ್ತ್ರಿ. ಇನ್ನೂರ ಹತ್ತು ವೋಲ್ಟ್, ಮೂರು ಆಂಪ್.

"ಎಪ್ಪತ್ತು ಓಮ್. ಹೊಸದಿದ್ದಾಗನೂ ಅಷ್ಟ ಇತ್ತು, ಇಸ್ತ್ರಿ ಕೆಟ್ಟಿಲ್ಲ. ಇನ್ನೂರ ಮೂವತ್ತು ವೋಲ್ಟ್ ಬಂದ್ರ ಸುಮಾರು ಏಳ್ನೂರ ಐವತ್ತು ವ್ಯಾಟ್ ಕೊಡ್ತದ. ಈಗ ಆರ್ನೂರ ಮೂವತ್ತ ಕೊಡ್ಲಿಕತ್ತದ. ಇಪ್ಪತ್ತು ವೋಲ್ಟ್ ದಾರ್ಯಾಗ ಎಲ್ಲೋ ಸೋರ್ಲಿಕತ್ತಾವ."

ಮೀಟರ್ ರೂಮಿಗೆ ಹೋದೆವು. ಮೇನ್ ಸ್ವಿಚ್ಚಿನ ಬಳಿ ಇನ್ನೂರ ಮೂವತ್ತು. ಮುಂದೆ ತಂತಿಗೆ ಕಪ್ಪು ಟೇಪ್ ಸುತ್ತಿದ್ದ ಒಂದು ಜೋಡಣೆ. ಅದನ್ನು ದಾಟಿದರೆ ಇನ್ನೂರ ಹತ್ತು. ನೀರಿನ ಪಂಪು, ಮೆಟ್ಟಿಲ ದೀಪ, ಇಸ್ತ್ರಿ ಎಲ್ಲ ಸೇರಿ ಅದರಲ್ಲಿ ಹರಿಯುತ್ತಿದ್ದುದು ಹದಿನಾರು ಆಂಪ್.

"ಇಪ್ಪತ್ತನ್ನ ಹದಿನಾರರಿಂದ ಭಾಗಸ್ರಿ, ಒಂದೂಕಾಲು ಓಮ್. ಜೋಡಣಿ ಛಲೋ ಇದ್ರ ಏನೂ ಇರಬಾರದು. ಇನ್ನ ಗುಣಸ್ರಿ, ಮುನ್ನೂರ ಇಪ್ಪತ್ತು ವ್ಯಾಟ್. ನನ್ನ ಇಸ್ತ್ರಿಯ ಅರ್ಧ ಕಾವು ಈ ಟೇಪಿನಾಗ ಅದ ಅಕ್ಕಾರ."

ಮೇಲೆ ಹದಿನಾರು ಮನೆ, ಮಕ್ಕಳು ಮರಿ. ಆದರೂ ನನ್ನ ಹಟ ನೋಡಿ: "ನಿನ್ನ ಇಸ್ತ್ರಿ ತೆಗೆದರೆ ಸರಿ ಆಗ್ತದಲ್ಲ?" ಎಂದೆ.

ಅವಳು ಹೋಗಿ ಪ್ಲಗ್ ಕಿತ್ತು ಬಂದಳು. ಹದಿಮೂರು ಆಂಪ್. ಜೋಡಣೆಯಲ್ಲಿ ಕಳೆದುಹೋಗುತ್ತಿದ್ದುದು ಹದಿನಾರು ವೋಲ್ಟ್. "ಇನ್ನೂರ ಎಂಟು ವ್ಯಾಟ್. ನನ್ನ ಕಳಿಸಿದ್ರ ಬೆಂಕಿ ತಡಾ ಮಾಡಿ ಹತ್ತತದ. ಹತ್ತೂದು ತಪ್ಪಂಗಿಲ್ಲ."

ರಿತೇಶ್ ಮೇನ್ ಆರಿಸಿ ಟೇಪ್ ಬಿಚ್ಚಿದ. ತಾಮ್ರಕ್ಕೆ ಅಲ್ಯುಮಿನಿಯಂ ತಂತಿಯನ್ನು ಕೈಯಲ್ಲೇ ಸುತ್ತಿದ್ದ ಗಂಟು, ಸುಟ್ಟು ಇದ್ದಿಲಾಗಿತ್ತು. "ಆಂಟಿ, ಗಣಪತಿ ಟೈಮಲ್ಲಿ..." ಎಂದು ಶುರುಮಾಡಿದ. ನನಗೆ ನೆನಪಾಯಿತು. ಸರಿಯಾದ ಕನೆಕ್ಟರ್ ನಾಳೆ ತರುತ್ತೇನೆ ಎಂದಿದ್ದ ಹುಡುಗನಿಗೆ, ಆರತಿಗೆ ಹೊತ್ತಾಯಿತು, ಸದ್ಯಕ್ಕೆ ಸುತ್ತಿ ಟೇಪ್ ಹಾಕು ಎಂದು ಗದರಿದ್ದು ನಾನೇ. ಆ ನಾಳೆ ಮತ್ತೆ ಬರಲೇ ಇಲ್ಲ. ಮರಗಮ್ಮ ನಮ್ಮಿಬ್ಬರ ಮುಖ ನೋಡಿದಳು, ಅವಳಿಗೆ ಎಲ್ಲ ಗೊತ್ತಾಯಿತು.

ಸಂಜೆ ಟೆರೇಸಿನ ಮೀಟಿಂಗಿನಲ್ಲಿ, ಸರಿಯಾದ ಕನೆಕ್ಟರ್ ಹಾಕಿ ಬಂದ ರಿತೇಶ್ ಅಳತೆಗಳನ್ನೆಲ್ಲ ಹೇಳಿದ. ಮೂರನೇ ಮಾಳಿಗೆಯ ಯತಿನ್ ಎದ್ದು, "ವೋ ಜಾಯಿಂಟ್ ಕಿಸ್ನೆ ಕಿಯಾ ಥಾ?" ಎಂದು, ಆ ಜೋಡಣೆ ಮಾಡಿದ್ದು ಯಾರೆಂದು ಕೇಳಿದ. ರಿತೇಶ್ ತಲೆ ತಗ್ಗಿಸಿದ. ಬಾಗಿಲ ಬಳಿಯಿಂದ ಮರಗಮ್ಮನ ದನಿ ಬಂತು.

"ಮೀಟರಿಗೆ ವೋಲ್ಟ್ ಗೊತ್ತಾಗ್ತದ್ರಿ, ಹೆಸರು ಗೊತ್ತಾಗಂಗಿಲ್ಲ."

ಯಾರನ್ನು ನಾನು ಹೊರಹಾಕಲು ಬಂದಿದ್ದೆನೋ ಅವಳೇ ನನ್ನ ಮಾನ ಮುಚ್ಚುತ್ತಿದ್ದಳು. ನಾಚಿಕೆಗೆ ಅಳುವೇ ಬಂತು. ಎದ್ದು ನಿಂತೆ.

"ನಾನು ಮಾಡಿಸಿದ್ದು. ರಿತೇಶನ ತಪ್ಪು ಇಲ್ಲ. ಇವಳು ಮೂರು ಸಲ ಹೇಳಿದ್ದಾಳೆ, ಕೇಳದವಳೂ ನಾನೇ. ಇವಳು ಇಲ್ಲೇ ಇರಬೇಕು ಅನ್ನುವವರು ಕೈ ಎತ್ತಿ."

ಎಲ್ಲ ಕೈಗಳೂ ಎದ್ದವು. "ಆತಲ್ರಿ ಅಕ್ಕಾರ, ಕೂಡ್ರಿ" ಎಂದಳು ಮರಗಮ್ಮ. ಆಗ ನೋಡಿದೆ. ನಾವೆಲ್ಲ ಕುರ್ಚಿಯಲ್ಲಿದ್ದೆವು, ನಮ್ಮ ಹದಿನಾರು ಮನೆ ಉಳಿಸಿದವಳು ಚಪ್ಪಲಿಗಳ ಪಕ್ಕದಲ್ಲಿ ನಿಂತಿದ್ದಳು. ನನ್ನ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಅವಳ ಹತ್ತಿರ ಇಟ್ಟೆ.