ನನಗೂ ಕೇಳ್ತೈತಿ

ಹಗರಿಬೊಮ್ಮನಹಳ್ಳಿಯಲ್ಲಿ ನಾನು ಕಂಪ್ಯೂಟರ್ ಪಾಠ ಹೇಳುತ್ತಿದ್ದಾಗ ಪಕ್ಕದ ಮನೆಯ ಅಜ್ಜಿ ಹಲವಾಗಲು ಊರಿನಲ್ಲಿದ್ದ ತಂಗಿಗೆ ದಿನವೂ ಸ್ಪೀಕರ್ ಹಾಕಿ ಫೋನ್ ಮಾಡುತ್ತಿದ್ದರು.

"ಕೇಳ್ತೈತೇನವ್ವ?"

"ಕೇಳ್ತೈತಿ, ನಿನಗ?"

"ನನಗೂ ಕೇಳ್ತೈತಿ."

ಇಷ್ಟಾಗದೆ ಅವರು ಸುದ್ದಿಗೆ ಬಾಯಿ ತೆರೆಯುತ್ತಿರಲಿಲ್ಲ. ಕಂಪ್ಯೂಟರುಗಳೂ ಒಂದಕ್ಕೊಂದು ಸುದ್ದಿ ಕಳಿಸುವ ಮೊದಲು ಹೀಗೇ ಕೇಳಿ ಖಚಿತ ಮಾಡಿಕೊಳ್ಳುತ್ತವೆ ಎಂದು ಅಜ್ಜಿಗೆ ಹೇಳಿದೆ. "ಅವೂ ಅಕ್ಕತಂಗೇರೇನ್ರಿ?" ಎಂದು ಕೇಳಿದರು.

ಮುಂದೊಂದು ದಿನ ಪಾರ್ಶ್ವವಾಯು ಹೊಡೆದು ತಂಗಿಯ ಮಾತು ನಿಂತುಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅಲ್ಲಿ ಆಕೆಯ ಸೊಸೆ ಫೋನನ್ನು ಅತ್ತೆಯ ಹತ್ತಿರ ಹಿಡಿದಳು.

"ಕೇಳ್ತೈತೇನವ್ವ?"

ಅಜ್ಜಿಯೇ ಫೋನಿಗೆ ಇನ್ನಷ್ಟು ಬಾಗಿ, "ಕೇಳ್ತಿದ್ರ ಬಳಿ ಅಲ್ಲಾಡ್ಸು" ಎಂದರು.

ಆ ಕಡೆ ಬಳೆ ಸದ್ದಾಯಿತು. ಇವರೂ ಫೋನಿನ ಹತ್ತಿರ ಕೈ ತಂದು ತಮ್ಮ ಬಳೆ ಅಲ್ಲಾಡಿಸಿದರು. ಆಮೇಲೆ ಕಾಲು ಚಾಚಿ ಕೂತು, "ನಮ್ಮ ಎಮ್ಮಿ ಈದೈತಿ" ಎಂದು ಶುರು ಮಾಡಿದರು.