ಕ್ಯಾಪ್ಟನ್ ದುಗ್ಗಪ್ಪನಿಗೆ ಹಾಕದ ಎಲೆ

ಕೋಟೇಶ್ವರದ ನಮ್ಮ ಮನೆಯಲ್ಲಿ ದೇವರ ಪಟಕ್ಕಿಂತ ಎತ್ತರದಲ್ಲಿ ಒಬ್ಬ ಕ್ಯಾಪ್ಟನ್ ಇದ್ದರು. ಮಿಲಿಟರಿ ಕೋಟು, ಎದೆಯ ಮೇಲೆ ಪದಕ, ಪಕ್ಕದ ಮೇಜಿನಲ್ಲಿ ಹೂದಾನಿ. ಅಮ್ಮನ ದೊಡ್ಡಮ್ಮನ ಮಗಳಾದ ವನಜ ದೊಡ್ಡಮ್ಮ ಮೀನುಬುಟ್ಟಿ ಹೊರುವ ಮೊದಲು ದಿನಾ ಸೆರಗಿನಿಂದ ಆ ಗಾಜು ಒರೆಸುತ್ತಿದ್ದಳು. ಅವರು ಅವಳ ತಂದೆ ದುಗ್ಗಪ್ಪ. ಎರಡನೇ ಮಹಾಯುದ್ಧದ ಕಾಲದಲ್ಲಿ, ಅವಳು ತೊಟ್ಟಿಲಲ್ಲಿದ್ದಾಗ ಬೊಂಬಾಯಿಗೆ ಹೋದವರು. ಊರಿನವರೊಬ್ಬರ ಕೈಯಲ್ಲಿ ಈ ಪಟ ಬಂತು, ಮನುಷ್ಯ ಬರಲಿಲ್ಲ. ಬರ್ಮಾದ ಕಡೆ ಹೋದರಂತೆ ಎಂದು ಯಾರೋ ಹೇಳಿದ ಮಾತು ಮನೆಯಲ್ಲಿ ಸತ್ಯವಾಗಿ ಕೂತಿತು.

ದೊಡ್ಡಮ್ಮ ಜೋರು ಬಾಯಿಯವಳು. ಗಿರಾಕಿ ಬಂಗುಡೆಯ ಕಿವಿರು ಎತ್ತಿ ಎತ್ತಿ ನೋಡಿದರೆ, "ಮದ್ವಿಗ್ ಹೆಣ್ಣ್ ಕಾಂಬುಕ್ ಬಂದದ್ದಾ?" ಎಂದು ಕೇಳುವವಳು. ವರ್ಷಕ್ಕೊಮ್ಮೆ ಹಿರಿಯರಿಗೆ ಬಡಿಸುವ ದಿನ ಮಾತ್ರ ಆ ಬಾಯಿಗೆ ಬೀಗ. ಸತ್ತವರಿಗೆಲ್ಲ ಸಾಲಾಗಿ ಬಾಳೆ ಎಲೆ, ಅನ್ನ, ಮೀನು ಸಾರು, ದುಗ್ಗಪ್ಪನಿಗೆ ಇಲ್ಲ. ಸತ್ತದ್ದು ಖಾತ್ರಿಯಾಗದವರಿಗೆ ನಮ್ಮಲ್ಲಿ ಎಲೆ ಹಾಕುವುದಿಲ್ಲ. ಎಲ್ಲೋ ಬದುಕಿದ್ದರೆ ನಾವೇ ಸಾವನ್ನು ಕರೆದಂತಾಗುತ್ತದೆ. ಅವಳ ತಾಯಿಯೂ ಕರಿಮಣಿ ತೆಗೆಯದೆಯೇ ಚಿತೆ ಏರಿದರು.

ಹೋದ ವರ್ಷ ದೊಡ್ಡಮ್ಮ ಹಾಸಿಗೆ ಹಿಡಿದಳು. ಒಂದು ದಿನ ನನ್ನನ್ನು ಹತ್ತಿರ ಕರೆದಳು.

"ನಾಗ, ಅಪ್ಪಯ್ಯ ಯಾವ ಪಟಾಲಮ್ಮಂಗ್ ಇದ್ದಿದ್ರ್, ಎಲ್ಲಿ ತೀರ್ಕಂಡ್ರ್, ಅಷ್ಟ್ ತಿಳ್ಕಂಡ್ ಬಾ. ನಾ ಹೋಪುದ್ರೊಳ್ಗೆ ಅವ್ರಿಗೊಂದ್ ಎಲಿ ಹಾಕ್ತೆ."

ಕೋಟಿನ ಗುರುತು ಹಿಡಿದರೆ ಪಟಾಲಮ್ಮು, ಅಂದರೆ ಸೈನ್ಯದ ತುಕಡಿ, ಸಿಗುತ್ತದೆ, ಅದು ಸಿಕ್ಕರೆ ಸತ್ತವರ ದಾಖಲೆಯೂ ಸಿಗುತ್ತದೆ ಎಂದು ನನ್ನ ಅಂದಾಜು. ಪಟವನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಶಂಕರನಾರಾಯಣದ ಬಸ್ಸು ಹತ್ತಿದೆ. ಅಲ್ಲಿ ಅಜಿತ್ ಎಂಬ ನಿವೃತ್ತ ಸುಬೇದಾರರಿದ್ದಾರೆ. ಅವರು ಪಟವನ್ನು ಅಂಗಳದ ಬೆಳಕಿಗೆ ಹಿಡಿದು ನೋಡಿದರು.

"ಹ್ವಾಯ್, ಭುಜದ್ ನಕ್ಷತ್ರ ಕ್ಯಾಪ್ಟನ್ನಂದ್. ತೋಳಿನ್ ಪಟ್ಟಿ ಹವಾಲ್ದಾರಂದ್. ಒಂದೇ ಮೈಮೇಲ್ ಎರಡೂ ಹಾಕುಕ್ ಯಾವ ಸೈನ್ಯದಂಗೂ ಬಿಡುದಿಲ್ಲೆ." ಪಟ ವಾಪಸು ಕೊಡುತ್ತ ಹೇಳಿದರು: "ಹಾಲಾಡಿಯಂಗ್ ನಮ್ ಹೆಂಡ್ತಿ ಮನಿಲೂ ಇಂಥದ್ದೊಂದ್ ಪಟ ಇತ್ತ್. ಒಂದ್ಸಲ ಕಂಡ್ಕಂಡ್ ಹೋಯ್ನಿ."

ಹಾಲಾಡಿಯ ಗೋಡೆಯಲ್ಲಿ ಅದೇ ಕೋಟು, ಅದೇ ಪದಕ, ಅದೇ ಹೂದಾನಿ. ಎರಡನೇ ಗುಂಡಿ ದಾರದಲ್ಲಿ ಜೋತು ಬಿದ್ದದ್ದೂ ಹಾಗೆಯೇ. ಮುಖ ಮಾತ್ರ ಬೇರೆ. ಆ ಮನೆಯ ಸ್ವರ್ಣಲತಾ ನಕ್ಕರು.

"ನಮ್ಮಜ್ಜಯ್ಯ ಬೊಂಬಾಯಿ ಹೋಟ್ಲಂಗೆ ದೋಸೆ ಹೊಯ್ತಿದ್ದದ್ದ್. ಊರಿಗ್ ಕಳ್ಸುಕಂತ್ ಸ್ಟುಡಿಯೋದ್ ಕೋಟ್ ಹಾಯ್ಕಂಡ್ ತೆಗ್ಸದ್. ಆಗ ಸುಮಾರ್ ಜನ ಹಾಂಗೇ ಮಾಡ್ತಿದ್ರ್ ಅಂಬ್ರ್."

ಅವರು ನಗಬಹುದು. ಅವರಜ್ಜ ಊರಿಗೆ ಬಂದು, ಅದೇ ಜಗಲಿಯಲ್ಲಿ ಮುದುಕರಾಗಿ, ಮೊಮ್ಮಕ್ಕಳ ಕೈಯಲ್ಲಿ ನೀರು ಕುಡಿದು ಸತ್ತವರು. ಯಾವ ಕಾಲದಲ್ಲೋ ಸತ್ತಿರುವ ಆ ಸ್ಟುಡಿಯೋದವನನ್ನು ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಬೈದೆ.

ಮನೆಗೆ ಬಂದಾಗ ದೊಡ್ಡಮ್ಮ ಬಾಗಿಲನ್ನೇ ನೋಡುತ್ತಿದ್ದಳು. ಜೀವಮಾನವಿಡೀ ಗಿರಾಕಿಯ ಮುಖ ನೋಡಿ ದರ ಹೇಳಿದವಳ ಎದುರು ಸುಳ್ಳು ನಡೆಯುವುದಿಲ್ಲ. ಕಂಡದ್ದನ್ನೆಲ್ಲ ಹೇಳಿದೆ.

"ಹಾಂಗಾರೆ ಯುದ್ಧಕ್ಕ್ ಹೋಯ್ಲಿಲ್ಯಾ?"

"ಹೋದ್ ಗುರ್ತ್ ಎಂತದೂ ಇಲ್ಲೆ ದೊಡ್ಡಮ್ಮ."

ಪಟವನ್ನು ಮೊಳೆಗೆ ಸಿಕ್ಕಿಸಲು ಹೋದೆ. ಬೇಡವೆಂದು ಕೈಯಾಡಿಸಿದಳು. ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು:

"ಯುದ್ಧ ಇಲ್ದಿದ್ರೆ, ಊರಿಗ್ ಬಪ್ಪುಕ್ ಅವ್ರಿಗೆ ಎಂತ ಅಡ್ಡಿ ಇದ್ದಿತ್?"

ಪಟವನ್ನು ಮತ್ತೆ ಅದೇ ಸೀರೆಯಲ್ಲಿ ಸುತ್ತಿಟ್ಟೆ. ಆಮೇಲೆ ಅವಳು ಅಪ್ಪಯ್ಯನ ಮಾತೇ ಎತ್ತಲಿಲ್ಲ, ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡಳು.

ಈ ವರ್ಷ ಹಿರಿಯರ ಸಾಲಿನಲ್ಲಿ ದೊಡ್ಡಮ್ಮನ ಎಲೆ ಹಾಕಿ, ಬಂಗುಡೆ ಸಾರು ಬಡಿಸಿದೆವು. ಅದರ ಪಕ್ಕ ಇನ್ನೊಂದು ಹಾಕಲು ಹೊರಟ ನನ್ನ ಕೈಯನ್ನು ಹೆಂಡತಿ ಶ್ರೀಲತಾ ಹಿಡಿದಳು.

"ಬ್ಯಾಡ. ಸತ್ತದ್ದ್ ಯಾರಿಗ್ ಗೊತ್ತಿತ್?"

ನೂರು ದಾಟಿದ ಆ ಮನುಷ್ಯ ನಮ್ಮ ಮನೆಯಲ್ಲಿ ಇನ್ನೂ ಬದುಕಿದ್ದಾರೆ, ಮಗಳು ಸತ್ತಿದ್ದಾಳೆ. ತೆಗೆದ ಎಲೆಯನ್ನು ಬಾಳೆ ಎಲೆಗಳ ಕಟ್ಟಿನೊಳಗೆ ವಾಪಸು ಸೇರಿಸಿದೆ.