ನಲವತ್ತೆರಡು ಅಡಿ ಕೆಳಗಿನ ಅರ್ಧ ಪ್ರಾರ್ಥನೆ

ಬೆಳಗ್ಗೆ ಆರೂಕಾಲು. ಮೂಡುಬಿದಿರೆ ಸಮೀಪದ ಪುತ್ತಿಗೆಯಲ್ಲಿ ನೀಲಾವತಿ ಶೆಟ್ಟಿಯವರ ಬಾವಿಯೊಳಗೆ ಒಂದು ಮೇಣದಬತ್ತಿ ಇಳಿಯುತ್ತಿದೆ. ಹಾಲಿನ ಪುಡಿಯ ಹಳೇ ಡಬ್ಬಿ, ಅದರೊಳಗೆ ಉರಿಯುವ ಬತ್ತಿ, ಡಬ್ಬಿಗೆ ಹಗ್ಗ. ಹಗ್ಗ ಬಿಡುತ್ತಿರುವವರು ಬಂಟ್ವಾಳದ ಪಾಸ್ಕಲ್ ಮೊರಾಸ್. ವಯಸ್ಸು ಐವತ್ತನಾಲ್ಕು, ಕೆಲಸ ಬಾವಿಯ ಹೂಳೆತ್ತುವುದು. ಮೂವತ್ತು ಅಡಿ ದಾಟುತ್ತಿದ್ದಂತೆ ಬೆಳಕು ನಂದುತ್ತದೆ.

"ಗಾಳಿ ಸರಿ ಇಲ್ಲ. ಇಳೀಲಿಕ್ಕೆ ಆಗುದಿಲ್ಲ," ಎನ್ನುತ್ತಾರೆ. ದನಿಯಲ್ಲಿ ನಿರಾಳ ಅಡಗಿದೆ. ಜೊತೆಗಾರ ಹನೀಫಾ ಅದನ್ನು ಹಿಡಿದುಬಿಡುತ್ತಾರೆ.

"ಖುಷಿ ಪಡ್ಬೇಡಿ ಪೊರ್ಬುಗಳೇ. ಗಾಳಿ ನಾನು ಸರಿ ಮಾಡ್ತೇನೆ."

ಈ ಕಡೆ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವುದು ಪೊರ್ಬುಗಳೆಂದೇ. ಮರ್ಯಾದೆ ಮುಗಿಸಿದ ಹನೀಫಾ ಹಲಸಿನ ಸೊಪ್ಪಿನ ಕಟ್ಟೊಂದನ್ನು ಹಗ್ಗಕ್ಕೆ ಬಿಗಿದು, ಬಾವಿಯೊಳಗೆ ಮೇಲೆ ಕೆಳಗೆ ಆಡಿಸತೊಡಗುತ್ತಾರೆ. ನಿಂತ ಗಾಳಿ ಕದಡಬೇಕು.

ಮೂವತ್ತು ವರ್ಷ, ಆರುನೂರಕ್ಕೂ ಹೆಚ್ಚು ಬಾವಿ, ಬೇಸಿಗೆಯಲ್ಲಿ ವಾರಕ್ಕೆ ಮೂರು. ಇಷ್ಟು ಇಳಿದ ಮನುಷ್ಯ ಹನ್ನೊಂದು ತಿಂಗಳಿಂದ ಒಂದು ಬಾವಿಗೂ ಇಳಿದಿಲ್ಲ. ಇವತ್ತು ಇಳಿಯದಿದ್ದರೆ ಇನ್ನು ಇಳಿಯುವುದೇ ಇಲ್ಲ ಎಂದು ಅವರಿಗೆ ಗೊತ್ತಿದೆ.

ಕಳೆದ ಮೇ ತಿಂಗಳು. ಕನ್ಯಾನದ ಆಯಿಶಮ್ಮನವರ ನಲವತ್ತೆರಡು ಅಡಿಯ ಬಾವಿಯಲ್ಲಿ ಹೂಳು ತೆಗೆಯುವಾಗ ಒಂದು ಬದಿ ಜರಿಯಿತು. ಕೆಳಗಿದ್ದ ಪಾಸ್ಕಲ್‌ಗೆ ಎದೆಮಟ್ಟ ಮಣ್ಣು. ಊರವರು ಬಿಡಿಸಿ ಮೇಲೆ ತರಲು ಮೂರು ಗಂಟೆ ಹಿಡಿಯಿತು. ಆಮೇಲೆ ಮನೆಯ ಬಾವಿಯಿಂದ ಹೆಂಡತಿ ಐರಿನ್ ನೀರು ಸೇದುವಾಗ ರಾಟೆ ಕಿರುಗುಟ್ಟಿದರೂ ಇವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಗೇರುಬೀಜದ ಫ್ಯಾಕ್ಟರಿಯಲ್ಲಿ ಮೂಟೆ ಹೊರುವ ಕೆಲಸ ಹಿಡಿದರು.

ಈ ಕಸುಬಿನಲ್ಲಿ ಒಂದು ಕ್ರಮವುಂಟು. ಕೆಳಗಿದ್ದವನು ಸುಮ್ಮನಿರಬಾರದು. ಸ್ವರ ನಿಂತರೆ ಮೇಲಿದ್ದವನು ಏನಾಯಿತೆಂದು ಕೇಳುತ್ತಾ ಕೂರುವುದಿಲ್ಲ, ಎಳೆಯುತ್ತಾನೆ. ಕೆಲವರು ಪದ್ಯ ಹೇಳುತ್ತಾರೆ, ಕೆಲವರು ಬಾವಿಯ ಯಜಮಾನನನ್ನು ಬೈಯುತ್ತಾರೆ. ಪಾಸ್ಕಲ್ ಹೇಳುವುದು ತೇರ್ಸ್, ಅಂದರೆ ಕೊಂಕಣಿಯ ಜಪಸರ ಪ್ರಾರ್ಥನೆ. ಅದರಲ್ಲಿ ಮರಿಯಮ್ಮನಿಗೆ ನಮಿಸುವ ಒಂದೊಂದು 'ನಮಾನ್ ಮರಿಯೆ'ಗೂ ಮೇಲಿನಿಂದ ಹನೀಫಾ "ಹೋಯ್" ಎನ್ನುತ್ತಾರೆ.

"ಒಮ್ಮೆ ಇವರಿಗೆ ಭಕ್ತಿ ಜಾಸ್ತಿಯಾಗಿ ಮನಸ್ಸಲ್ಲೇ ಹೇಳಿದ್ರು ಮಾರಾಯ್ರೆ. ಶಬ್ದ ಇಲ್ಲ. ನಾನು ಎಳೆದೇ ಎಳೆದೆ," ಎಂದು ಹನೀಫಾ ನಗುತ್ತಾರೆ. "ಅರ್ಧದಲ್ಲಿ ನೇತಾಡ್ತಾ ನನಗೆ ಹೇಳಿದ್ದು ಮಾತ್ರ ಪ್ರಾರ್ಥನೆ ಅಲ್ಲ."

ಪಾಸ್ಕಲ್ ನಗುವುದಿಲ್ಲ. ಅವರಿಗೆ ಕನ್ಯಾನ ನೆನಪಾಗಿದೆ. "ಮನೆಯಲ್ಲಿ ತೇರ್ಸಿಗೆ ಒಂದೊಂದು ನಮಾನ್ ಮರಿಯೆಯ ಮೊದಲರ್ಧ ನಾನು ಹೇಳುದು, ಉಳಿದರ್ಧ ಹೆಂಡತಿ ಮಕ್ಕಳು. ಆ ದಿನ ಮಣ್ಣಲ್ಲಿ ನನಗೆ ಮೊದಲರ್ಧ ಮಾತ್ರ ಬಾಯಿಗೆ ಬಂತು. ಮತ್ತಿನದ್ದು ಮರ್ತೇ ಹೋಗಿತ್ತು. ಅರ್ಧ ಹೇಳ್ತೇನೆ, ನಿಲ್ತೇನೆ. ಆಗ ಮೇಲಿಂದ ಇವನ 'ಹೋಯ್'. ಮೂರು ಗಂಟೆ ಬಿಡ್ಲಿಲ್ಲ. ಮತ್ತೆ ಮೂರು ದಿನ ಇವನಿಗೆ ಸ್ವರವೇ ಇರ್ಲಿಲ್ಲ. ದೇವರು ನನ್ನ ಸ್ವರ ಕೇಳಿಸಿಕೊಳ್ತಾ ಇದ್ದಾನೆ ಅಂತ ಗೊತ್ತಾದ್ದು ಹಾಗೆ."

ಆದರೂ ಹೆದರಿಕೆ ಬಿಡಲಿಲ್ಲ. ವಿಶ್ವಾಸ ಇದ್ದವನಿಗೆ ಹೆದರಿಕೆ ಯಾಕೆ ಎಂದು ನಾಚಿಕೆಪಟ್ಟು, ಇಗರ್ಜಿಯಲ್ಲೂ ಹಿಂದಿನ ಬೆಂಚಿಗೆ ಸರಿದರು. ಅಲ್ಲಿಂದ ಎಬ್ಬಿಸಿದ್ದು ಐರಿನ್. "ಹೆದರಿಕೆ ತೆಗಿ ಅಂತ ದೇವರ ಹತ್ರ ಎಷ್ಟು ತಿಂಗಳು ಕೇಳ್ತೀರಿ? ಹೆದರಿಕೆ ಇರ್ಲಿ, ನೀನು ಒಟ್ಟಿಗೆ ಬಾ ಅಂತ ಕೇಳಿ ನೋಡಿ."

ಡಬ್ಬಿ ಮತ್ತೆ ಇಳಿಯುತ್ತದೆ. ಈ ಸಲ ತಳದಲ್ಲೂ ಬತ್ತಿ ಉರಿಯುತ್ತದೆ. ಇನ್ನು ನೆವವಿಲ್ಲ.

ಪಾಸ್ಕಲ್ ಸೊಂಟಕ್ಕೆ ಹಗ್ಗ ಬಿಗಿದು ಶಿಲುಬೆಯ ಗುರುತು ಮಾಡುತ್ತಾರೆ. ಮೊದಲ ಮೆಟ್ಟಿಲಲ್ಲೇ ಮೊಣಕಾಲು ನಡುಗುತ್ತದೆ. "ಬೇಡ ಪೊರ್ಬುಗಳೇ, ಮುಂದಿನ ವರ್ಷ ನೋಡುವ," ಎನ್ನುತ್ತಾರೆ ನೀಲಾವತಿ.

"ಮುಂದಿನ ವರ್ಷವೂ ನಡುಗ್ತದೆ ಅಕ್ಕಾ," ಎಂದು ಅವರು ಇಳಿಯುತ್ತಾರೆ.

ನಮಾನ್ ಮರಿಯೆ. ಹೋಯ್. ನಮಾನ್ ಮರಿಯೆ. ಹೋಯ್. ಏಳನೆಯದರ ನಡುವೆ ಸ್ವರ ನಿಲ್ಲುತ್ತದೆ. ಹನೀಫಾರ ಎರಡೂ ಕೈ ಹಗ್ಗದ ಮೇಲೆ ಬಿಗಿಯುತ್ತವೆ. ಇನ್ನೇನು ಎಳೆಯಬೇಕು, ಕೆಳಗಿನಿಂದ ಒಂದು ಕೂಗು: "ಎಳೀಬೇಡ ಮಾರಾಯ! ಒಂದು ಹಿಡಿ ಮಣ್ಣು ಬಿತ್ತು, ಅಷ್ಟೇ. ಎಷ್ಟನೇದರಲ್ಲಿ ಇದ್ದೆ?"

"ಏಳು!"

ಎಂಟನೆಯದಕ್ಕೆ ಹೋಗದೆ ಪಾಸ್ಕಲ್ ಏಳನೆಯದನ್ನೇ ಮೊದಲಿನಿಂದ ಹೇಳುತ್ತಾರೆ.

ಹತ್ತು ಗಂಟೆಗೆ ಅರುವತ್ತೆರಡು ಬಕೆಟ್ ಹೂಳು ಮೇಲೆ ಬಂದಿದೆ. ಕೊನೆಗೆ ಪಾಸ್ಕಲ್ ಕೂಡ. ಹೆದರಿಕೆ ಹೋಯಿತೇ ಎಂದರೆ, ಕೆಸರಿನ ಕೈಯಲ್ಲಿ ಚಹಾದ ಲೋಟ ಹಿಡಿದು ತಲೆಯಾಡಿಸುತ್ತಾರೆ. "ಇಲ್ಲ. ಅದೂ ನನ್ನೊಟ್ಟಿಗೆ ಇಳೀತು. ಕೆಲಸ ಮಾಡ್ಲಿಕ್ಕೆ ಬಿಟ್ಟಿತು."

ಆಸೆ ಒಂದೇ. ಕನ್ಯಾನದ ಆಯಿಶಮ್ಮ ಆ ಬಾವಿಗೆ ಹೂಳೆತ್ತಲು ಬೇರೆಯವರನ್ನು ಇಳಿಸಿಲ್ಲ. ಈಗಲೂ ಪಕ್ಕದ ಮನೆಯಿಂದ ನೀರು ಹೊರುತ್ತಾರೆ. "ಜರಿದ ಬದಿಗೆ ಕಲ್ಲು ಕಟ್ಟಿಸಿದ್ದಾರಂತೆ. ಅರ್ಧಕ್ಕೆ ಬಿಟ್ಟ ಕೆಲಸ ಅದು. ನನ್ನ ಹಾರೆಯೂ ಅಲ್ಲೇ ಉಂಟು. ತೆಗೀಬೇಕು."

"ಯಾವಾಗ ಹೋಗುವ?" ಹನೀಫಾ ಹಗ್ಗ ಸುತ್ತುತ್ತಾ ಕೇಳುತ್ತಾರೆ.

"ಸೋಮವಾರ. ನೀನು ಸ್ವರ ಸರಿ ಮಾಡಿಟ್ಟುಕೋ."